ಅಮ್ಮಯಮ್ಮನ ಕೆರೆ ಸುತ್ತು

ಅಮ್ಮಯಮ್ಮ ಬರಿಗೈಯಲ್ಲಿ ನಡೆದದ್ದನ್ನು ನಲವತ್ತು ವರ್ಷಗಳ ಪರಿಚಯದಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ. ಕುಡುಗೋಲು, ಹಗ್ಗ, ಮಂಕರಿ, ಯಾರದೋ ಮನೆಗೆ ಹಿಂದಿರುಗಿಸಬೇಕಾದ ಮೊರ, ಯಾರದೋ ಮೂಗು ಸುರಿಯುವ ಮಗು, ಏನಾದರೊಂದು ಕೈಯಲ್ಲೋ ಕಂಕುಳಲ್ಲೋ ತಲೆಯ ಮೇಲೋ ಇದ್ದರೆ ಮಾತ್ರ ಆಕೆಯ ಕಾಲು ಹೊಸಿಲು ದಾಟುತ್ತಿತ್ತು. ನಡಿಗೆಯೂ ಅದಕ್ಕೆ ತಕ್ಕ ಹಾಗೆಯೇ ಪಳಗಿತ್ತು: ಕತ್ತು ಕಂಬದಂತೆ ನೆಟ್ಟಗೆ, ಸೊಂಟ ತುಸು ಮುಂದಕ್ಕೆ, ಎಡಗೈ ಅರ್ಧ ಮಡಿಸಿ ಗಾಳಿಯಲ್ಲಿ ಎತ್ತಿದ್ದು. ಹದಿನಾರನೆಯ ವಯಸ್ಸಿನಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ದೇಹ ಅದು. ಹೊರೆ ಇಳಿಸಿ ವರ್ಷಗಳಾದ ಮೇಲೂ, ಇಲ್ಲದ ಹೊರೆ ಎಲ್ಲಿ ಜಾರೀತೋ ಎಂಬ ಎಚ್ಚರದಲ್ಲೇ ಹೆಜ್ಜೆ ಇಡುತ್ತಿತ್ತು.

ಆಕೆಯ ಊರು ಅತ್ತಿಗಾನಹಳ್ಳಿ, ದೇವನಹಳ್ಳಿ ಸೀಮೆಯ ಆವತಿಗೂ ವಿಜಯಪುರಕ್ಕೂ ನಡುವೆ. ಪಡುವಣಕ್ಕೆ ಕಣ್ಣೆತ್ತಿದರೆ ಗುಡ್ಡ, ನೆತ್ತಿಗೆ ಕಣ್ಣೆತ್ತಿದರೆ ವಿಮಾನದ ಹೊಟ್ಟೆ. ಗಂಡ ಬೈಲಪ್ಪ ನಮ್ಮ ರೈತಸಂಘದವನು, ಮಾತಿನ ಮಲ್ಲ. ಆತ ಭಾಷಣಕ್ಕೆ ನಿಂತರೆ ಬಸ್ಸು ತಪ್ಪಿಸಿಕೊಂಡಾದರೂ ಜನ ಕೇಳುತ್ತಿದ್ದರು. ಎಂಬತ್ತರ ದಶಕದಲ್ಲಿ ಸಂಘದ ಜಾಥಾ ದೇವನಹಳ್ಳಿಯಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟಾಗ, ಯಲಹಂಕ ದಾಟುವ ಮೊದಲೇ ಭಾಷಣಕಾರರಾದ ನಮ್ಮೆಲ್ಲರ ಅಂಗಾಲು ಬೊಬ್ಬೆ ಎದ್ದು, ಗುಟ್ಟಾಗಿ ಲಾರಿ ಹತ್ತಿ ಕೂತೆವು. ಅಮ್ಮಯಮ್ಮ ತಲೆಯ ಮೇಲೆ ಮುದ್ದೆಯ ಬುಟ್ಟಿ ಹೊತ್ತು, ಬರಿಗಾಲಲ್ಲಿ, ಕೊನೆಯವರೆಗೂ ನಡೆದಳು. ಆಯಾಸವಾಯಿತೇನಮ್ಮಾ ಎಂದು ಕೇಳಿದ್ದಕ್ಕೆ ಬಂದ ಉತ್ತರ ನನಗಿನ್ನೂ ನೆನಪಿದೆ.

"ದಿನಾ ಹೊಲದಾಗೆ ನಡೆಯೋದು, ಇವತ್ತು ಟಾರು ರಸ್ತೆ ಮೇಲೆ ನಡೆದೆ ಅಂತಿಟ್ಕೋ ಅಣ್ಣ."

'ಅಂತಿಟ್ಕೋ' ಎಂಬುದು ಆಕೆಯ ಮಾತಿನ ಬಾಲ. ಕಣ್ಣೆದುರಿನ ಸತ್ಯವನ್ನೂ ಆಕೆ ಊಹೆಯ ಹಾಗೆಯೇ ಹೇಳುತ್ತಿದ್ದಳು. ತೊಪ್ಪನೆ ತೊಯ್ದು ಒಳಗೆ ಬಂದು ಸೆರಗು ಹಿಂಡುತ್ತಾ, ಮಳೆ ಬಂತು ಅಂತಿಟ್ಕೋ ಅನ್ನುವಳು. ಗದ್ದಲದ ಸಭೆಗಳಲ್ಲಿ ಖಡಾಖಂಡಿತ ಮಾತಾಡುವ ಗಂಡಸರ ನಡುವೆ ಜೀವಮಾನ ಕಳೆದ ಹೆಂಗಸು, ತನ್ನ ಮಾತನ್ನು ಯಾರೂ ಕಿತ್ತುಕೊಳ್ಳದಿರಲಿ ಎಂದು ಹೀಗೆ ಸಡಿಲವಾಗಿ ಹಿಡಿಯುವುದನ್ನು ಕಲಿತಿರಬೇಕು.

ಬೈಲಪ್ಪನಿಗೆ ಐವತ್ತೈದಕ್ಕೇ ಸಕ್ಕರೆ ಕಾಯಿಲೆ ಬಂತು. ಆತ ಅದನ್ನೂ ಸರ್ಕಾರದ ಹಾಗೆ ಬೈದು ಸುಮ್ಮನಾದ. ಚಪ್ಪಲಿ ಕಚ್ಚಿದ ಗಾಯ ಹುಣ್ಣಾಯಿತು, ಹುಣ್ಣು ಕಪ್ಪಾಯಿತು, ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಆಮೇಲೆ ಎರಡು ವರ್ಷ ಬದುಕಿದ್ದ ಆತನನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎತ್ತಿ ಇಳಿಸಿದವಳು ಅಮ್ಮಯಮ್ಮ. ಸೊಪ್ಪಿನ ಹೊರೆ ಎತ್ತಿದ ತೋಳಿಗೆ ಬಡಕಲು ಗಂಡನ ಭಾರ ದೊಡ್ಡದಲ್ಲ. ಆದರೆ ಎತ್ತುವಾಗೆಲ್ಲ ಆತ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಸಾವಿರ ಜನರ ಮುಂದೆ ರೆಪ್ಪೆ ಬಡಿಯದೆ ನಿಲ್ಲುತ್ತಿದ್ದ ಗಂಡಸು ಹೆಂಡತಿಯ ತೋಳಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದುದನ್ನು ಆಕೆ ಮರೆಯಲಿಲ್ಲ. ಆತನ ತಿಥಿಯ ದಿನ ನನಗೆ ಎಲೆಯಡಿಕೆ ಕೊಡುತ್ತಾ, ಬೇರೆ ಯಾವುದೋ ಮಾತಿನ ನಡುವೆ, ತನ್ನನ್ನು ಮಾತ್ರ ಹೀಗೆ ಯಾರೂ ಎತ್ತುವಂತಾಗಬಾರದು ಎಂದಳು. ಸೊಸೆ ದಿವ್ಯ ಆಗಿನ್ನೂ ಮನೆಗೆ ಹೊಸಬಳು. ವಿಜಯಪುರದ ರೇಷ್ಮೆ ಹುರಿ ಮಾಡುವ ಘಟಕದಲ್ಲಿ ಹಗಲೆಲ್ಲ ನಿಂತೇ ದುಡಿದು ಬರುವ ಹುಡುಗಿ. ಆ ಮಗುವಿಗೆ ಬೇರೆ ಹೊರೆ ಬೇಕಾದಷ್ಟಿದೆ ಎಂದು ಅತ್ತೆಯ ವಾದ.

ಕೆಲಸ ಮಾಡುವವರೆಗೂ ಅಂಥ ಭಯಕ್ಕೆ ಎಡೆಯಿರಲಿಲ್ಲ. ಬೆಳಗಿನ ಜಾವದಿಂದ ಸೊಪ್ಪು ಕೊಯ್ಯುವುದು, ಹೊರುವುದು, ರೇಷ್ಮೆ ಹುಳುವಿಗೆ ಹಾಸುವುದು, ಹಸುವಿಗೆ ಹುಲ್ಲು ತರುವುದು. ಕೆಲಸ ನಿಂತದ್ದು ಪಕ್ಕದ ದ್ರಾಕ್ಷಿ ತೋಟದಿಂದ. ಅಲ್ಲಿ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಬಂದು ಇವರ ಸೊಪ್ಪಿನ ಮೇಲೆ ಕೂತು, ಇನ್ನೇನು ಗೂಡು ಕಟ್ಟಬೇಕಿದ್ದ ಹುಳು ರಾಶಿರಾಶಿಯಾಗಿ ಕರಗಿಹೋಯಿತು. ಎರಡು ಸಲ ಹಾಗಾದ ಮೇಲೆ ಮಗ ನವೀನ್‌ಕುಮಾರ್ ಹಿಪ್ಪುನೇರಳೆ ಕಿತ್ತು ಹಾಕಿ, ಜಮೀನನ್ನು ಗುಲಾಬಿ ಬೆಳೆಯುವವರಿಗೆ ಗುತ್ತಿಗೆಗೆ ಕೊಟ್ಟು, ವಿಮಾನ ನಿಲ್ದಾಣದ ಕಡೆಯ ಕೊರಿಯರ್ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ. ಸೊಪ್ಪು ಹೋದ ಮೇಲೆ ಹಸುಗಳೂ ಹೋದವು. ಅಮ್ಮನಿಗೆ ಇನ್ನು ವಿಶ್ರಾಂತಿ ಎಂದು ಮಗ ಟಿ.ವಿ.ಯ ಮುಂದೆ ಕುರ್ಚಿ ಹಾಕಿಕೊಟ್ಟ. ಒಳ್ಳೆಯ ಮಗನೇ, ಆದರೆ ಗಾಣದ ಎತ್ತನ್ನು ಏಕಾಏಕಿ ಗೊಂತಿಗೆ ಕಟ್ಟಿದರೆ ಏನಾಗುತ್ತದೆಂದು ರೈತರ ಮಕ್ಕಳಾದ ನಾವಾದರೂ ತಿಳಿದಿರಬೇಕಿತ್ತು. ಕೆಲಸ ಬಿಟ್ಟಿತು, ಎರಡು ಹೊತ್ತಿನ ದಪ್ಪ ಮುದ್ದೆ ಬಿಡಲಿಲ್ಲ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರೆ. ಕೂತು ಉಂಡರೆ ಮೈಯೂ ಸಾಲದು.

ಒಂದು ದಿನ ವಿಜಯಪುರದ ಸಂತೆಯಲ್ಲಿ ಆಕೆಯ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಆಕೆ ಅದು ತಿಳಿಯದೆ ಮುಂದೆ ನಡೆದಳು. ದಿವ್ಯ ಚಪ್ಪಲಿ ಎತ್ತಿಕೊಂಡು ಓಡಿಬಂದು, ಕಾಲಿಗೆ ನೆಲ ತಗುಲಿದ್ದು ಗೊತ್ತಾಗಲಿಲ್ಲವೇ ಅತ್ತೆ ಎಂದು ಕೇಳಿದಾಗ, ಗೊತ್ತಾಗಲಿಲ್ಲ ಅಂತಿಟ್ಕೋ ಎಂದು ನಕ್ಕಳು. ದಿವ್ಯ ನಗಲಿಲ್ಲ. ಮಾರನೆಯ ದಿನವೇ ಕೆಲಸಕ್ಕೆ ರಜೆ ಹಾಕಿ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು. ಬರಿಹೊಟ್ಟೆಯ ಸಕ್ಕರೆ ಇನ್ನೂರ ನಲವತ್ತು, ರಕ್ತದೊತ್ತಡ ಹೆಚ್ಚು, ಅಂಗಾಲು ಅರ್ಧ ಸತ್ತಿದೆ.

ಅಲ್ಲಿನ ಡಾಕ್ಟರು ವಾಣಿಶ್ರೀ, ಮೂವತ್ತು ದಾಟದ ಹೆಣ್ಣುಮಗಳು. ಮಾತ್ರೆ ಬರೆದುಕೊಟ್ಟು, ಹಿಂಬದಿಗೆ ಪಟ್ಟಿಯಿರುವ ಮೆತ್ತನೆಯ ಕಪ್ಪು ಚಪ್ಪಲಿ ತರಿಸಿಕೊಟ್ಟು, ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದೆಂದು ಕಟ್ಟಪ್ಪಣೆ ಮಾಡಿ, ಕೊನೆಗೆ ದಿನಕ್ಕೆ ಮುಕ್ಕಾಲು ಗಂಟೆ ನಿಲ್ಲದೆ ಬಿರುಸಾಗಿ ನಡೆಯಬೇಕು ಎಂದರು. ನಡೆಯುವಾಗ ತೊಡೆಯ ಮಾಂಸಖಂಡ ರಕ್ತದೊಳಗಿನ ಸಕ್ಕರೆಯನ್ನು ತಾನೇ ಕುಡಿಯುತ್ತದೆ, ಮಾತ್ರೆಯೊಂದೇ ಅಷ್ಟನ್ನೂ ಮಾಡಲಾರದು ಎಂದು ಬಿಡಿಸಿ ಹೇಳಿದರು. ಅಮ್ಮಯಮ್ಮನಿಗೆ ರೇಗಿತು.

"ಐವತ್ತು ವರ್ಷ ನಡೆದಿದ್ದೀನಿ ಕಣವ್ವ. ಇನ್ನೂ ಎಷ್ಟು ನಡೀಲಿ?"

"ಐವತ್ತು ವರ್ಷ ಊಟಾನೂ ಮಾಡಿದ್ದೀರಲ್ಲಮ್ಮ. ಇವತ್ತು ಹೊಟ್ಟೆ ಹಸಿಯಲ್ವಾ?"

ಆ ಮಾತು ನಾಟಿತು. ಊಟದ ಹಾಗೆ ನಡಿಗೆಯನ್ನೂ ಕೂಡಿಡಲಾಗದು ಎಂಬುದನ್ನು ಆಕೆ ಆಮೇಲೆ ಎಷ್ಟೋ ಜನಕ್ಕೆ ಹೇಳಿದಳು, ನನಗೂ ಹೇಳಿದಳು, ನನ್ನ ಹೊಟ್ಟೆಯನ್ನು ನೋಡುತ್ತಾ.

ಆದರೆ ನಡೆಯುವುದು ಹೇಗೆ? ಊರೊಳಗೆ ಹೆಂಗಸೊಬ್ಬಳು ಎಲ್ಲಿಗೂ ಅಲ್ಲದೆ ನಡೆಯುವುದು ಎಂದರೇನು? ನಮ್ಮ ಹಳ್ಳಿಗಳಲ್ಲಿ ಎದುರಾದವರನ್ನು ಚೆನ್ನಾಗಿದ್ದೀಯಾ ಎಂದು ಯಾರೂ ಕೇಳುವುದಿಲ್ಲ, ಎಲ್ಲಿಗೆ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವಿಲ್ಲದವಳು ಒಂದೋ ಸೋಮಾರಿ, ಇಲ್ಲವೇ ತಲೆ ಕೆಟ್ಟವಳು. ಅಮ್ಮಯಮ್ಮ ಉತ್ತರಗಳನ್ನು ಸಿದ್ಧಪಡಿಸಿಕೊಂಡಳು. ಹಸುವಿಲ್ಲದ ಮನೆಯಿಂದ ಕುಡುಗೋಲು ಹಗ್ಗ ಹಿಡಿದು ಹುಲ್ಲಿಗೆಂದು ಹೊರಟಳು. ಮರುದಿನ ಕಳೆದುಹೋದ ಕೋಳಿಯನ್ನು ಹುಡುಕಿದಳು. ಆ ಕೋಳಿ ಸಿಕ್ಕಿತೇ ಎಂದು ಊರೆಲ್ಲ ಒಂದು ವಾರ ವಿಚಾರಿಸಿತು. ಅರಳಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂರುವ ಸೊಣ್ಣಪ್ಪ, ಕೆರೆ ಏರಿಯ ಮುನೇಶ್ವರನಿಗೆ ದೀಪ ಹಚ್ಚುವವನು, ಬಾಯಿ ಸುಮ್ಮನಿರದ ಮನುಷ್ಯ. ಆತ ಮೂರನೆಯ ದಿನ, "ಅಕ್ಕಾ, ಹೊಟ್ಟೆಗಿಲ್ಲದ ಹಸೂಗೆ ಹುಲ್ಲು ತತ್ತಾರೆ. ನೀನು ಹುಲ್ಲಿಗೆ ಹಸು ಹುಡುಕ್ತಾ ಇದೀಯಲ್ಲ" ಎಂದ.

ಇನ್ನೊಂದು ಫಜೀತಿಯೂ ಆಯಿತು. ಹೇಗೂ ಆ ಕಡೆ ಹೊರಟಿದ್ದಾಳೆ ಎಂದು ಒಬ್ಬಳು ತೋಟಕ್ಕೆ ಬುತ್ತಿ ಕೊಟ್ಟು ಕಳಿಸಿದಳು, ಇನ್ನೊಬ್ಬಳು ಡೈರಿಗೆ ಹಾಲಿನ ಕ್ಯಾನು ಕೊಟ್ಟಳು, ಮತ್ತೊಬ್ಬರು ಪಂಪ್‌ಸೆಟ್ಟಿನ ಕರೆಂಟು ಬಂತೇ ನೋಡಿ ಬಾ ಎಂದರು. ಹತ್ತು ಹೆಜ್ಜೆಗೊಮ್ಮೆ ನಿಂತು, ಬುತ್ತಿ ಇಳಿಸಿ, ಕ್ಷೇಮ ಕೇಳಿ ಮುಂದೆ ಹೋದರೆ ಎದೆಬಡಿತ ಏರುವುದೆಲ್ಲಿಂದ ಬಂತು, ಬೆವರು ಬರುವುದೆಲ್ಲಿಂದ ಬಂತು. ತಿಂಗಳ ಕೊನೆಗೆ ಸಕ್ಕರೆ ಹತ್ತೂ ಇಳಿದಿರಲಿಲ್ಲ. ಡಾಕ್ಟರು ನಡೆದಿರೋ ಇಲ್ಲವೋ ಎಂದು ಗದರಿದರು.

ಆಗ ಒದಗಿ ಬಂದಳು ವಾರಗಿತ್ತಿ ಮುನಿತಾಯಮ್ಮ. ಬೈಲಪ್ಪನ ತಮ್ಮನ ಹೆಂಡತಿ, ಪಕ್ಕದ ಮನೆಯವಳು, ನಂಬಿಕೆಯ ಹೆಂಗಸು. ಅಮ್ಮಯಮ್ಮ ಊರ ಕಣ್ಣು ತಪ್ಪಿಸಿ ಕೆರೆಯ ಸುತ್ತಲಿನ ದಾರಿ ಹಿಡಿದಿದ್ದಳು. ಸುತ್ತಿ ಬಂದರೆ ಎರಡು ಮೈಲಿಗೆ ತುಸು ಕಡಿಮೆ. ಏರಿಯ ಮೇಲೆ ಮುನೇಶ್ವರನ ಗುಡಿ. ನಮ್ಮ ಆ ಸೀಮೆಯಲ್ಲಿ ಹರಕೆ ಹೊತ್ತ ಹೆಂಗಸರು ಕೆರೆಯನ್ನು ಬಲಕ್ಕಿಟ್ಟುಕೊಂಡು ಒಂದು ಮಂಡಲ, ಎಂದರೆ ನಲವತ್ತೆಂಟು ದಿನ, ಸುತ್ತುವ ರೂಢಿಯುಂಟು. ಎರಡು ದಿನ ಆಕೆಯನ್ನು ಏರಿಯ ಮೇಲೆ ಕಂಡ ಮುನಿತಾಯಮ್ಮ ಮೂರನೆಯ ದಿನ ಮೆಲ್ಲಗೆ, ಹರಕೆ ಏನಾದರೂ ಹೊತ್ತಿದ್ದೀಯಾ ಅಕ್ಕ ಎಂದು ಕೇಳಿದಳು. ಅಮ್ಮಯಮ್ಮ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. "ಹೂಂ ಅಂತಿಟ್ಕೋ" ಎಂದಳು.

ಆ ಒಂದು ಮಾತಿಗೆ ಊರೇ ದಾರಿ ಬಿಟ್ಟಿತು. ಹರಕೆಯವಳನ್ನು ಎಲ್ಲಿಗೆ ಎಂದು ಕೇಳುವಂತಿಲ್ಲ, ತಡೆಯುವಂತಿಲ್ಲ, ಕೈಗೆ ಬುತ್ತಿ ಕೊಡುವಂತಿಲ್ಲ. ಬೈಕಿನವರು ನಿಧಾನಿಸಿದರು, ಸೊಣ್ಣಪ್ಪ ಕಟ್ಟೆಯ ಮೇಲೆ ಕಾಲು ಮಡಿಸಿ ಕೂತ. ಚಳಿಯಲ್ಲಿ ಮಗನ ಗೋದಾಮಿನ ಹಳೆಯ ನೀಲಿ ಜಾಕೀಟನ್ನು ಸೀರೆಯ ಮೇಲೆ ತೊಟ್ಟು, ಬೆನ್ನ ಮೇಲೆ ಕಂಪನಿಯ ಹೆಸರು ಹೊತ್ತು ಬರುವ ಅಮ್ಮಯಮ್ಮನಿಗೆ ಊರಿನ ಹೆಂಗಸರು ದಾರಿಯಲ್ಲಿ ಕೈಮುಗಿದದ್ದೂ ಉಂಟು. ಮುನಿತಾಯಮ್ಮ ಜೊತೆಗೂಡಿದಳು. ಆಕೆಯ ಮಗಳು ಮಮತಳಿಗೆ ಎರಡು ಸಲ ಬಸಿರು ಇಳಿದಿತ್ತು, ಮೂರನೆಯದಕ್ಕೆ ಐದು ತಿಂಗಳು. ಅದು ನಿಲ್ಲಲಿ ಎಂಬುದು ತಾಯಿಯ ಹರಕೆ. ಇನ್ನೂ ಮೂವರು ತಮ್ಮ ತಮ್ಮ ಬೇಡಿಕೆ ಹೊತ್ತು ಹಿಂದೆ ಬಂದರು. ಮುಂದೆ ನಡೆಯುವವಳು ಬೇಡಿಕೆಯಿಲ್ಲದ ಅಮ್ಮಯಮ್ಮ.

ನಡಿಗೆ ತನ್ನ ಕೆಲಸ ಮಾಡಿತು. ಎರಡನೆಯ ವಾರಕ್ಕೆ ನಿದ್ದೆ ಹಿಡಿಯಿತು. ಬೈಲಪ್ಪ ಹೋದಾಗಿನಿಂದ ಮೂರು ಗಂಟೆಗೇ ಎಚ್ಚರವಾಗಿ ತೊಲೆ ಎಣಿಸುತ್ತಿದ್ದವಳು ಕೋಳಿ ಕೂಗುವವರೆಗೂ ಮಲಗಿದಳು. ನಾಲ್ಕನೆಯ ವಾರಕ್ಕೆ ರವಿಕೆ ಸಡಿಲಾಯಿತು, ಮೊಣಕಾಲಿನ ಕಟಕಟ ಕಡಿಮೆಯಾಯಿತು, ಏರಿ ಹತ್ತುವಾಗ ಬರುತ್ತಿದ್ದ ಏದುಸಿರು ಹೋಯಿತು. ರಕ್ತದೊತ್ತಡ ಇಳಿಯಿತು. ಸಕ್ಕರೆ ನೂರ ಐವತ್ತರ ಹತ್ತಿರ ಬಂತು. ಮುಖದಲ್ಲೊಂದು ನಗು ಬಂದಿದೆಯಲ್ಲಮ್ಮ ಎಂದು ವಾಣಿಶ್ರೀ ಹೇಳಿದರಂತೆ. ಅದು ಬೆವರಿನ ಹೊಳಪು ಎಂದು ಅಮ್ಮಯಮ್ಮನ ತಿದ್ದುಪಡಿ.

ಒಂದನ್ನು ಮಾತ್ರ ಆಕೆ ಡಾಕ್ಟರಿಗೆ ಹೇಳಿರಲಿಲ್ಲ. ಹರಕೆಯ ಸುತ್ತಿಗೆ ಮೆಟ್ಟು ಹಾಕುವಂತಿಲ್ಲ. ಆಸ್ಪತ್ರೆಯ ಕಪ್ಪು ಚಪ್ಪಲಿ ಅಟ್ಟದ ಮೇಲೆ ಕವರಿನಲ್ಲಿ ಹೊಚ್ಚ ಹೊಸದಾಗಿ ಕೂತಿತ್ತು. ಗಂಡನ ಕಾಲು ಹೋದದ್ದನ್ನು ಕಣ್ಣಾರೆ ಕಂಡವಳು, ಅರ್ಧ ಸತ್ತ ಅಂಗಾಲನ್ನು ಜಾಲಿ ಗಿಡಗಳ ನಡುವಿನ ದಾರಿಯಲ್ಲಿ ದಿನವೂ ಊರುತ್ತಿದ್ದಳು. ಪೆದ್ದತನವೇ? ಪೆದ್ದತನವೇ. ಆದರೆ ನಡೆಯದಿದ್ದರೆ ಕಾಲು ಹೋದೀತು, ಹರಕೆಯಿಲ್ಲದೆ ನಡೆಯಲಾಗದು, ಹರಕೆಗೆ ಮೆಟ್ಟು ಸಲ್ಲದು. ಈ ಮೂರರ ನಡುವೆ ಸಿಕ್ಕಿಕೊಂಡವಳಿಗೆ ನಾನಾದರೂ ಏನು ಬುದ್ಧಿ ಹೇಳುತ್ತಿದ್ದೆನೋ ತಿಳಿಯದು.

ನಲವತ್ತೊಂದನೆಯ ದಿನ ಬೆಳಿಗ್ಗೆ ನೆಲ ಒರೆಸುತ್ತಿದ್ದ ದಿವ್ಯ, ಬಾಗಿಲಿನಿಂದ ಅಡುಗೆಮನೆಯವರೆಗೆ ಒಂದೊಂದು ಹೆಜ್ಜೆಗೂ ಕಾಸಿನಗಲದ ಕೆಂಪು ಗುರುತು ಬಿದ್ದಿರುವುದನ್ನು ಕಂಡಳು. ಅತ್ತೆ ಒಲೆಯ ಮುಂದೆ ಆರಾಮವಾಗಿ ಮುದ್ದೆ ತಿರುವುತ್ತಿದ್ದಳು. ಕಾಲು ಎತ್ತಿಸಿ ನೋಡಿದರೆ ಎಡಗಾಲಿನ ಕಿರುಬೆರಳಿನ ಬುಡದಲ್ಲಿ ಅರ್ಧ ಬೆರಳುದ್ದದ ಜಾಲಿಮುಳ್ಳು ಮುರಿದು ಕೂತಿತ್ತು, ಸುತ್ತಲೂ ಚರ್ಮ ಕಪ್ಪಿಟ್ಟಿತ್ತು. ಹೊಕ್ಕು ಎಷ್ಟು ದಿನವಾಗಿತ್ತೋ. ದಿವ್ಯ ಅಳುತ್ತಲೇ ಮುಳ್ಳು ತೆಗೆದು, ಆಸ್ಪತ್ರೆಗೆ ಈಗಲೇ ಹೊರಡು ಎಂದಳು. ಇನ್ನು ಏಳು ದಿನ ತಡಿ ಎಂದಳು ಅತ್ತೆ. ತನ್ನ ಹರಕೆ ಬರೀ ಸುಳ್ಳು. ಆದರೆ ಹಿಂದೆ ನಡೆಯುವ ಮುನಿತಾಯಮ್ಮನದು ಸುಳ್ಳಲ್ಲ. ಮುಂದಿನವಳು ನಡುವೆ ಬಿಟ್ಟರೆ, ನಾಳೆ ಮಮತಳಿಗೆ ಏನಾದರೂ ಹೆಚ್ಚುಕಡಿಮೆಯಾದರೆ, ಆ ತಾಯಿ ಜೀವವಿರುವವರೆಗೂ ಇದನ್ನೇ ನೆನೆಯುತ್ತಾಳೆ. ಹೀಗೆ ತಾನೇ ಹೆಣೆದ ಬಲೆಯಲ್ಲಿ ತಾನೇ ಬಿದ್ದು, ಅರಿಸಿನ ಮೆತ್ತಿ ಬಟ್ಟೆ ಕಟ್ಟಿ, ಇನ್ನೂ ಎರಡು ದಿನ ಕೆರೆ ಸುತ್ತಿದಳು. ನಲವತ್ತನಾಲ್ಕನೆಯ ದಿನ ಜ್ವರ ಏರಿ ಹಾಸಿಗೆ ಹಿಡಿದಳು.

ನಾನು ಆಸ್ಪತ್ರೆಗೆ ಹೋದಾಗ ಕಿರುಬೆರಳು ತೆಗೆದು ನಾಲ್ಕು ದಿನವಾಗಿತ್ತು. ಕಾಲು ಉಳಿಯುವುದೋ ಇಲ್ಲವೋ ಇನ್ನೊಂದು ವಾರ ಕಳೆಯದೆ ಹೇಳಲಾಗದು ಎಂದಿದ್ದರು. ಚಳವಳಿಯಲ್ಲಿ ಲಾಠಿ ತಿಂದವರನ್ನು ಎಷ್ಟೋ ಆಸ್ಪತ್ರೆಗಳಲ್ಲಿ ಕಂಡವನು ನಾನು, ಹೇಳುವ ಮಾತು ಬಾಯಿಪಾಠವಿರುತ್ತಿತ್ತು. ಅಂದೂ ಅದನ್ನೇ ಶುರುಮಾಡಿದ್ದೆ. ದಿವ್ಯ ಅತ್ತೆಯನ್ನು ಮಂಚದಿಂದ ಎಬ್ಬಿಸಲು ಎರಡೂ ಕಂಕುಳಿಗೆ ಕೈ ಹಾಕಿದಳು. ಅಮ್ಮಯಮ್ಮ ಕಣ್ಣು ಮುಚ್ಚಿಕೊಂಡಳು. ನಾನು ಕಿಟಕಿಯ ಕಡೆ ತಿರುಗಿದೆ.

ಕಾಲು ಉಳಿಯಿತು. ಗಾಯ ಮಾಯುತ್ತಿದ್ದಂತೆಯೇ ಮನೆಯಲ್ಲಿ ಬೇರೊಂದು ಮಾತು ಹುಟ್ಟಿತು. ನಡೆದದ್ದಕ್ಕೇ ಬೆರಳು ಹೋಯಿತೆಂದು ಊರು ತೀರ್ಮಾನಿಸಿತು, ನವೀನ್‌ಕುಮಾರನೂ ಅದನ್ನೇ ನಂಬಿ, ಸಾಕಮ್ಮ ನಡೆದದ್ದು, ಇನ್ನು ಕೂತಿರು ಎಂದ. ಅಮ್ಮನ ಮೇಲಿನ ಪ್ರೀತಿಗೇ ಹೇಳಿದ ಮಾತು ಅದು, ಅದಕ್ಕೇ ಎದುರಾಡುವುದು ಕಷ್ಟ. ಡ್ರೆಸ್ಸಿಂಗಿಗೆ ಹೋದ ದಿನ ಅಮ್ಮಯಮ್ಮ ಮಗನನ್ನು ಬೇಕೆಂತಲೇ ಜೊತೆಗೆ ಕರೆದೊಯ್ದು, ಡಾಕ್ಟರ ಮುಂದೆ ಆ ಪ್ರಶ್ನೆಯನ್ನು ಇಟ್ಟಳು. ವಾಣಿಶ್ರೀ ಗಾಯದಿಂದ ಕಣ್ಣೆತ್ತದೆ ಉತ್ತರಿಸಿದರು.

"ಬೆರಳು ಹೋಗಿದ್ದು ಬರಿಗಾಲಿಂದ. ಕಾಲು ಉಳಿದಿದ್ದು ನಡೆದಿದ್ದರಿಂದ. ಸಕ್ಕರೆ ಹಳೇ ಲೆಕ್ಕದಲ್ಲೇ ಇದ್ದಿದ್ರೆ ಈ ಗಾಯ ಹೀಗೆ ಕೂಡ್ತಿರಲಿಲ್ಲ."

ಗಾಯ ಪೂರ್ತಿ ಮಾಗುವವರೆಗೆ ಕಾಲೂರಬಾರದೆಂದು ಎರಡು ತಿಂಗಳು ಕೂರಿಸಿದರು. ಆದರೆ ಕೂತಲ್ಲೇ ಮಾಡುವುದನ್ನು ಕಲಿಸಿಕೊಟ್ಟರು. ಪಡಸಾಲೆಯ ಮಂಚದ ಅಂಚಿನಲ್ಲಿ ಕೂತು, ಒಂದೊಂದೇ ಕಾಲನ್ನು ನೆಟ್ಟಗೆ ಚಾಚಿ ಹತ್ತು ಎಣಿಸುವವರೆಗೆ ಹಿಡಿಯುವುದು, ಎರಡೂ ಕೈಯಲ್ಲಿ ರಾಗಿ ತುಂಬಿದ ಸೇರು ಹಿಡಿದು ತಲೆಯ ಮೇಲಕ್ಕೆತ್ತಿ ಇಳಿಸುವುದು. ದಿವ್ಯ ಕೆಲಸದ ಬಸ್ಸಿಗೆ ಹೊರಡುವ ಮುನ್ನ ಎದುರು ಕೂತು ಎಣಿಸುತ್ತಿದ್ದಳು. ದಿನವಿಡೀ ನಿಂತು ತನ್ನ ನಡುವೂ ಹಿಡಿದಿದ್ದರಿಂದ ಒಂದು ದಿನ ತಾನೂ ಎರಡು ಸೇರು ತುಂಬಿಸಿಕೊಂಡಳು. ನಾನೊಮ್ಮೆ ಆ ಹೊತ್ತಿಗೆ ಹೋಗಿ ಬಾಗಿಲಲ್ಲಿ ನಿಂತಿದ್ದೆ: ಅತ್ತೆ ಸೊಸೆ ಎದುರುಬದುರು ಕೂತು, ಗಂಭೀರವಾಗಿ, ರಾಗಿಯನ್ನು ಆಕಾಶಕ್ಕೆ ತೋರಿಸಿ ಇಳಿಸುತ್ತಿದ್ದರು. ನಕ್ಕಿದ್ದಕ್ಕೆ ನನ್ನ ಕೈಗೂ ಒಂದು ಸೇರು ಬಂತು. ಇಪ್ಪತ್ತಕ್ಕೇ ತೋಳು ನಡುಗಿತು. ಮೈಕು ಹಿಡಿದ ಕೈ, ಇನ್ನೇನಾಗುತ್ತೆ ಬಿಡಣ್ಣ ಎಂದಳು ಅಮ್ಮಯಮ್ಮ.

ಕಾಲೂರಲು ಅಪ್ಪಣೆ ಸಿಕ್ಕ ದಿನ ಆಕೆ ಮೊದಲು ಹೋದದ್ದು ಮುನಿತಾಯಮ್ಮನ ಮನೆಗೆ. ಮಮತಳಿಗೆ ಹೆರಿಗೆಯಾಗಿ ಹದಿನೈದು ದಿನ; ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ. ಬಾಣಂತಿಯ ಕೋಣೆಯ ಹೊರಗೆ, ಬೆಳ್ಳುಳ್ಳಿ ಸುಲಿಯುತ್ತಾ ಕೂತ ವಾರಗಿತ್ತಿಯ ಎದುರು ಮಣೆ ಹಾಕಿಕೊಂಡು ಕೂತು, ಒಂದೇ ಉಸಿರಿಗೆ ಹೇಳಿಬಿಟ್ಟಳು.

"ತಾಯಿ, ನಾನು ಯಾವ ಹರಕೇನೂ ಹೊತ್ತಿರಲಿಲ್ಲ. ಸಕ್ಕರೆ ಇಳೀಲಿ ಅಂತ ನಡೀತಿದ್ದೆ. ನೀನು ಕೇಳ್ದಾಗ ಸುಳ್ಳು ಹೇಳ್ದೆ."

ಆ ದಿನ ಆಕೆಯ ಮಾತಿಗೆ ಬಾಲವಿರಲಿಲ್ಲ. ಮುನಿತಾಯಮ್ಮ ಕೈಯಲ್ಲಿದ್ದ ಬೆಳ್ಳುಳ್ಳಿಯನ್ನು ಮೊರಕ್ಕೆ ಹಾಕಿ ಎದ್ದು ಒಳಗೆ ಹೋದಳು. ಹದಿನೇಳು ದಿನ ಮಾತಾಡಲಿಲ್ಲ. ದೇವರ ಹೆಸರಿನಲ್ಲಿ ಆಡಿದ ಸುಳ್ಳು, ಅದೂ ಬಸುರಿ ಮಗಳ ವಿಷಯದಲ್ಲಿ, ಕೋಪ ನ್ಯಾಯವಾದದ್ದೇ. ಅಮ್ಮಯಮ್ಮ ಒಬ್ಬಳೇ ಮನೆಯಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದಳು, ಮೊದಲು ಹತ್ತು ನಿಮಿಷ, ಆಮೇಲೆ ಇಪ್ಪತ್ತು. ಕೆರೆಯ ಕಡೆ ಹೋಗುವ ಮುಖ ಇರಲಿಲ್ಲ. ಹದಿನೆಂಟನೆಯ ದಿನ ಬೆಳಿಗ್ಗೆ ಮುನಿತಾಯಮ್ಮ ಅಂಗಳದಂಚಿಗೆ ಬಂದು ನಿಂತಳು.

"ನೀನು ಹೊತ್ತಿದ್ದು ಸುಳ್ಳಿರಬೋದು ಕಣಕ್ಕ, ನಾನು ಹೊತ್ತಿದ್ದು ನಿಜ. ನೀನು ಮಲಗಿದ ಮೇಲೆ ಐದು ದಿನ ನಿನ್ನ ಸುತ್ತೂ ನಾನೇ ಸುತ್ತಿದ್ದೀನಿ, ದಿನಕ್ಕೆ ಎರಡೆರಡು. ಮುಗಿದ ಮೇಲೆ ಮನೇಲಿ ಕೂತ್ರೆ ನಂಗೂ ಕಾಲು ಹಿಡೀತೈತೆ. ಮೆಟ್ಟು ಹಾಕ್ಕೊಂಡು ಬಾ."

ಮೆಟ್ಟು ಹಾಕಿಕೊಂಡು ಮುನೇಶ್ವರನ ಮುಂದೆ ಹಾಯುವುದು ಹೇಗೆಂಬುದು ಉಳಿದಿದ್ದ ಅಂಜಿಕೆ. ಗುಡಿಗೆ ಇಪ್ಪತ್ತು ಹೆಜ್ಜೆ ಇರುವಾಗಲೇ ಅಮ್ಮಯಮ್ಮ ನಿಂತುಬಿಟ್ಟಳಂತೆ. ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಸೊಣ್ಣಪ್ಪ ಆಕೆಯ ಕಾಲು ನೋಡಿದ, 'ಎಲ್ಲಿಗಕ್ಕ' ಎಂದು ಎಂದಿನ ಹಾಗೆ ಕೇಳಿದ. ಎಲ್ಲಿಗೂ ಇಲ್ಲಪ್ಪ, ಸುಮ್ಮನೆ ನಡೀತಿದ್ದೀನಿ, ನಡೀದಿದ್ರೆ ಕಾಲು ಹೋಗುತ್ತೆ ಎಂದು ಆಕೆ ನೇರವಾಗಿ ಹೇಳಿದಳು. ಸೊಣ್ಣಪ್ಪ ಗುಡಿಯ ಮೂಲೆಗೆ ಕೈ ತೋರಿಸಿದ. ಹಿಂದೆ ಯಾರೋ ಹರಕೆಗೆ ಮಾಡಿಸಿ ಒಪ್ಪಿಸಿದ್ದ, ಮೊಳದುದ್ದದ ತೊಗಲಿನ ಮೆಟ್ಟು ಅಲ್ಲಿ ಜೋಡಿಯಾಗಿ ಇತ್ತು.

"ಊರು ಕಾಯೋಕೆ ಸುತ್ತೋ ದೇವರು ಕಣಕ್ಕ ಇವನು. ಇವನಿಗೇ ಮೆಟ್ಟು ಬೇಕಂತೆ, ನೀನ್ಯಾವ ದೊಡ್ಡವಳು? ಅಲ್ಲಿಂದ್ಲೇ ಕೈ ಮುಗಿದು ನಡಿ, ನಿಂತ್ಕೋಬೇಡ. ನಿಂತ್ರೆ ಗುಣ ಇಲ್ಲ ಅಂದವ್ರಂತಲ್ಲ ಆಯಮ್ಮ."

ಡಾಕ್ಟರ ಮಾತು ಆತನವರೆಗೂ ತಲುಪಿತ್ತು.

ಇದಾಗಿ ವರ್ಷ ದಾಟಿತು. ನಲವತ್ತೆಂಟು ದಿನಕ್ಕೆ ಮುಗಿಯುವುದಲ್ಲವೆಂದು ಈಗ ಎಲ್ಲರಿಗೂ ಗೊತ್ತು. ಮುನಿತಾಯಮ್ಮ ಬರುತ್ತಾಳೆ, ಹರಕೆಯ ಮೂವರಲ್ಲಿ ಒಬ್ಬಳು ಬಿಟ್ಟಳು, ಬೇರೆ ಇಬ್ಬರು ಸೇರಿದರು. ಭಾನುವಾರ ದಿವ್ಯಳೂ ಬರುತ್ತಾಳೆ. ಅಂದು ಬೆಳಗಿನ ಅಡುಗೆ ನವೀನ್‌ಕುಮಾರನದು, ಉಪ್ಪಿಟ್ಟು ಉಂಡೆಯಾಗುತ್ತದೆಂದು ದೂರು. ಅಮ್ಮಯಮ್ಮ ಒಂದು ಬೆರಳಿನ ಕೊರತೆಗೆ ಎಡಕ್ಕೆ ತುಸು ವಾಲುತ್ತಾಳೆ. ಮನೆಗೆ ಬಂದು ಕನ್ನಡಿಯನ್ನು ನೆಲಕ್ಕಿಟ್ಟು ಅಂಗಾಲು ನೋಡಿಕೊಳ್ಳುತ್ತಾಳೆ, ಬೇರೆ ಹೆಂಗಸರು ಕುಂಕುಮ ನೋಡಿಕೊಳ್ಳುವ ಹಾಗೆ. ಸಕ್ಕರೆ ಒಮ್ಮೆ ನೂರ ನಲವತ್ತು, ಹಬ್ಬ ಬಂದರೆ ನೂರ ಎಂಬತ್ತು. ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ತಾನೇ ಏಳುತ್ತಾಳೆ, ತಾನೇ ಕೂರುತ್ತಾಳೆ.

ಇಂಥವರನ್ನು ನಮ್ಮ ಸೀಮೆಯಲ್ಲಿ ಊರಿಗೆ ಹತ್ತು ಜನರನ್ನು ತೋರಿಸಬಲ್ಲೆ. ಹೊಲದ್ದು, ಹಸುವಿನದು, ಹುಳುವಿನದು, ಗಂಡನದು, ಮಕ್ಕಳದು ಎಂದು ಹಂಚಿಹೋದ ಮೈ ಅವರದು. ಎಲ್ಲರ ಬಳಕೆ ಮುಗಿದ ಮೇಲೆ ಉಳಿದದ್ದನ್ನು ಮೂಲೆಯಲ್ಲಿ ಕೂರಿಸಿ ಅದಕ್ಕೆ ವಿಶ್ರಾಂತಿ ಎಂದು ಹೆಸರಿಡುತ್ತೇವೆ. ನಾವು ಸಂಘದವರು ಬೆಲೆಗೆ, ನೀರಿಗೆ, ಕರೆಂಟಿಗೆ ಬೇಡಿಕೆ ಪಟ್ಟಿ ಬರೆದದ್ದೇ ಬರೆದದ್ದು, ಹಾಳೆ ಸಾಲದೆ ಬೆನ್ನಿಗೂ ಬರೆದೆವು. ಹೊಲದಲ್ಲಿ ದುಡಿದ ಹೆಂಗಸಿಗೆ ದಿನಕ್ಕೆ ಮುಕ್ಕಾಲು ಗಂಟೆ ಅವಳ ಮೈಗಾಗಿಯೇ ಬೇಕೆಂದು ಒಬ್ಬನ ಪೆನ್ನೂ ಬರೆಯಲಿಲ್ಲ, ಅವರಾಗಿ ಕೇಳಲೂ ಇಲ್ಲ. ಕೇಳಿದರೆ ಕೊಡದ ಗಂಡಸರೇನೂ ನಾವಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಅವರು ಕೇಳುವ ಜಾತಿಯವರಲ್ಲ. ಬೇಕೆನಿಸಿದ್ದನ್ನು ಕೆಲಸದ ಮರೆಯಲ್ಲೋ ದೇವರ ಮರೆಯಲ್ಲೋ ಕದ್ದು ತೆಗೆದುಕೊಳ್ಳುತ್ತಾರೆ, ಕದ್ದದ್ದಕ್ಕೆ ದಂಡವನ್ನೂ ತಾವೇ ತೆರುತ್ತಾರೆ. ತಮ್ಮದನ್ನು ತಮ್ಮದೆಂದು ಹಾಡುಹಗಲು ಊರ ಮುಂದೆ ತೆಗೆದುಕೊಳ್ಳುವುದಕ್ಕೆ ಅವರಿಗೆ ಅರವತ್ತು ವರ್ಷ ಹಿಡಿಯುತ್ತದೆ, ಒಂದು ಕಾಲ್ಬೆರಳೂ ಹೋಗುತ್ತದೆ.